ಒಂದೇ ಹಾಡಿನ ಮೂವರು ಹುಡುಗರು

ಮೂರು ತಾರೀಖು ಹೇಳ್ತೀನಿ, ನೆನಪಿಟ್ಟುಕೊಳ್ಳಿ. 1996ರ ಜನವರಿ. 1997ರ ಜನವರಿ. 1998ರ ಫೆಬ್ರವರಿ.

ಆಗ ಬ್ರಿಟನ್ನಿನಲ್ಲಿ ಭಾನುವಾರ ಸಂಜೆ ಆಯ್ತು ಅಂದ್ರೆ ಬಿಬಿಸಿಯ ರೇಡಿಯೊ ಒನ್‌ನಲ್ಲಿ ಒಂದು ಪಟ್ಟಿ ಓದೋರು. ಆ ವಾರ ಅಂಗಡಿಗಳಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿ. ನಲವತ್ತನೇ ನಂಬರಿಂದ ಶುರು ಮಾಡಿ ಒಂದನೇ ನಂಬರಿಗೆ ಬಂದು ನಿಲ್ಲಿಸೋರು. ನಮ್ಮ ಟಿಆರ್‌ಪಿ ಗುರುವಾರದ ಹಾಗೆ ಅವರಿಗೆ ಈ ಭಾನುವಾರ. ಬೀಟಲ್ಸ್‌ನಿಂದ ಮಡೋನಾವರೆಗೆ ಎಲ್ಲರೂ ಕಣ್ಣಿಟ್ಟು ಕೂರುತ್ತಿದ್ದ ಆ ಒಂದನೇ ಸ್ಥಾನಕ್ಕೆ, ನಾನು ಹೇಳಿದ ಮೂರು ತಾರೀಖುಗಳಲ್ಲಿ ಬಂದವರು ಮೂರು ಜನ ಭಾರತ ಮೂಲದ ಹುಡುಗರು. ಜಸ್ ಮಾನ್, ಜ್ಯೋತಿ ಮಿಶ್ರಾ, ಟಿಜಿಂದರ್ ಸಿಂಗ್. ಒಬ್ಬರಿಗೊಬ್ಬರು ಸಂಬಂಧವಿಲ್ಲ. ಮೂವರದೂ ಬೇರೆ ಬೇರೆ ಹಾಡು, ಬೇರೆ ಬೇರೆ ಧಾಟಿ. ಆದರೆ ಮೂವರದೂ ಆಲ್ಟರ್ನೇಟಿವ್ ರಾಕ್ ಅಂತ ಕರೆಯೋ ಸಂಗೀತದ ಕಡೆಯಿಂದ ಬಂದ, ಸ್ವಲ್ಪ ವಿಚಿತ್ರವೇ ಅನ್ನಿಸೋ ಹಾಡುಗಳು. ಮೂವರೂ ಅಷ್ಟು ಎತ್ತರಕ್ಕೆ ಮತ್ತೆ ಏರಲಿಲ್ಲ. ಹಾಗಾಗಿ ಮೂವರ ಹಣೆಗೂ ಒಂದೇ ಚೀಟಿ ಅಂಟಿಸಿದ್ರು: ಒನ್ ಹಿಟ್ ವಂಡರ್.

ತೊಂಬತ್ತರ ದಶಕದಲ್ಲಿ ಇಂಥ ಚೀಟಿ ಅಂಟಿಸಿಕೊಂಡವರು ದಂಡಿಯಾಗಿ ಸಿಗ್ತಾರೆ. ಅದಕ್ಕೊಂದು ಕಾರಣ ಇದೆ. 1991ರಲ್ಲಿ ಅಮೆರಿಕದ ನಿರ್ವಾಣ ಅನ್ನೋ ತಂಡದ ಆಲ್ಬಂ ಬಂತು. 1992ರ ಜನವರಿಯಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್‌ನನ್ನೇ ಕೆಳಗಿಳಿಸಿ ಮೇಲೆ ಕೂತುಬಿಡ್ತು. ಹರಿದ ಸ್ವೆಟರ್ ಹಾಕಿಕೊಂಡು ಕಿರುಚೋ ಹುಡುಗರ ಸಂಗೀತ ಇಷ್ಟು ಮಾರಾಟ ಆಗುತ್ತಾ ಅಂತ ಕಂಪನಿಗಳು ಕಣ್ಣುಜ್ಜಿಕೊಂಡವು. ಆಮೇಲೆ ಶುರುವಾಯ್ತು ನೋಡಿ, ಗಿಟಾರ್ ಹಿಡಿದ ವಿಚಿತ್ರದವರನ್ನೆಲ್ಲ ಹುಡುಕಿ ಹುಡುಕಿ ಸಹಿ ಹಾಕಿಸಿಕೊಳ್ಳೋದು. ಹತ್ತರಲ್ಲಿ ಒಂದು ಗೆದ್ದರೂ ಲಾಭ. ಗೆದ್ದವನು ಎರಡನೇ ಸಲ ಗೆಲ್ಲದೇ ಇದ್ರೆ ಬಾಗಿಲು ತೋರಿಸೋದು, ಇನ್ನೊಬ್ಬನನ್ನ ಕರೆಯೋದು. ಬಾಗಿಲು ತೆರೆದದ್ದಂತೂ ನಿಜ, ಆ ಬಾಗಿಲಲ್ಲಿ ಈ ಮೂವರೂ ಒಳಗೆ ಬಂದ್ರು. ಆದರೆ ಇವರ ಕಥೆ ಅಲ್ಲಿಂದ ಶುರುವಾಗೋದಿಲ್ಲ. ಇನ್ನೊಂದು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಇಂಗ್ಲೆಂಡಿನ ಮಧ್ಯಭಾಗದಲ್ಲಿ ವುಲ್ವರ್‌ಹ್ಯಾಂಪ್ಟನ್ ಅಂತ ಒಂದು ಊರು. ಕಬ್ಬಿಣ, ಕುಲುಮೆ, ಕಾರ್ಖಾನೆಗಳ ಸೀಮೆ. ಎರಡನೇ ಮಹಾಯುದ್ಧದ ನಂತರ ಕೆಲಸಕ್ಕೆ ಜನ ಸಾಲದೆ ಬ್ರಿಟನ್ ತನ್ನ ಹಳೆಯ ವಸಾಹತುಗಳ ಕಡೆ ಕೈಚಾಚಿತು. ಪಂಜಾಬಿನಿಂದ ಸಾವಿರಾರು ಜನ ಹೋದ್ರು. ಫೌಂಡ್ರಿಯಲ್ಲಿ ಬೆಂಕಿ ಮುಂದೆ ನಿಂತರು, ರಾತ್ರಿ ಪಾಳಿ ಮಾಡಿದರು, ಬಸ್ ಓಡಿಸಿದರು. 1967ರಲ್ಲಿ ತರ್ಸೇಮ್ ಸಿಂಗ್ ಸಂಧು ಅನ್ನೋ ಬಸ್ ಚಾಲಕ ಕಾಯಿಲೆ ರಜೆ ಮುಗಿಸಿಕೊಂಡು ಗಡ್ಡ ಬಿಟ್ಟು, ಪಗಡಿ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಪಗಡಿ ಸಮವಸ್ತ್ರದ ನಿಯಮಕ್ಕೆ ವಿರುದ್ಧ ಅಂತ ಮನೆಗೆ ಕಳಿಸಿದ್ರು. ಒಂದು ಪಗಡಿಗಾಗಿ ಆ ಊರಲ್ಲಿ ಸುಮಾರು ಎರಡು ವರ್ಷ ಹೋರಾಟ ನಡೀತು. ಸಮುದಾಯದ ಒಬ್ಬ ಮುಖಂಡರು ಮೈಗೆ ಬೆಂಕಿ ಹಚ್ಚಿಕೊಳ್ತೀನಿ ಅಂತ ಗಡುವು ಕೊಟ್ಟ ಮೇಲೆ, 1969ರ ಏಪ್ರಿಲ್‌ನಲ್ಲಿ ನಿಷೇಧ ಹಿಂದಕ್ಕೆ ತಗೊಂಡ್ರು.

ಅದೇ ಊರಿನ ಎಂಪಿ ಯಾರು ಗೊತ್ತಾ? ಈನಕ್ ಪೊವೆಲ್. ಯುದ್ಧಕಾಲದಲ್ಲಿ ಭಾರತದಲ್ಲಿ ಸೈನ್ಯದ ಅಧಿಕಾರಿಯಾಗಿದ್ದವನು, ಉರ್ದು ಕಲಿತವನು, ಮುಂದೊಂದು ದಿನ ಭಾರತದ ವೈಸ್‌ರಾಯ್ ಆಗಬೇಕು ಅಂತ ಕನಸು ಕಂಡವನು. ವೈಸ್‌ರಾಯ್ ಆಗೋ ಮೊದಲೇ ನಾವು ಸ್ವಾತಂತ್ರ್ಯ ತಗೊಂಡುಬಿಟ್ವಿ. ಆ ಮನುಷ್ಯ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನ ಹೋಟೆಲೊಂದರಲ್ಲಿ ನಿಂತು, ಈ ವಲಸಿಗರನ್ನ ಹೀಗೇ ಬಿಟ್ಟರೆ ದೇಶದಲ್ಲಿ ರಕ್ತ ಹರಿಯುತ್ತೆ ಅನ್ನೋ ಅರ್ಥದ ಭಾಷಣ ಮಾಡಿದ. ಅದರೊಳಗೆ ವುಲ್ವರ್‌ಹ್ಯಾಂಪ್ಟನ್ನಿನ ಸಿಖ್ಖರ ಪಗಡಿ ವಿಚಾರವನ್ನೂ ಎಳೆದು ತಂದ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಅವನನ್ನ ಹುದ್ದೆಯಿಂದ ಕಿತ್ತು ಹಾಕಿದ. ಆದರೆ ಲಂಡನ್ ಬಂದರಿನ ಕಾರ್ಮಿಕರು ಅವನ ಪರವಾಗಿ ಪಾರ್ಲಿಮೆಂಟಿಗೆ ಮೆರವಣಿಗೆ ಬಂದ್ರು. ಬೀದಿಯಲ್ಲಿ ಯಾರ ಮಾತಿಗೆ ಬೆಲೆ ಇತ್ತು ಅಂತ ಇದರಲ್ಲೇ ಗೊತ್ತಾಗುತ್ತೆ.

ಟಿಜಿಂದರ್ ಸಿಂಗ್ ಹುಟ್ಟಿದ್ದು ಅದೇ 1968ರಲ್ಲಿ. ಬೆಳೆದದ್ದು ಅದೇ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ. ಜಸ್ ಮಾನ್ ಪಕ್ಕದ ಡಡ್ಲಿಯವನು. ಜ್ಯೋತಿ ಮಿಶ್ರಾ ಹುಟ್ಟಿದ್ದು ಒಡಿಶಾದ ರೂರ್ಕೆಲಾದಲ್ಲಿ, 1966ರಲ್ಲಿ. ಮೂರು ವರ್ಷದ ಕೂಸಾಗಿದ್ದಾಗ ಇಂಗ್ಲೆಂಡಿಗೆ ಹೋದವನು. ಈಗ ಆ ಮೂರು ತಾರೀಖುಗಳಿಗೆ ವಾಪಸ್ ಬರೋಣ.

ಮೊದಲನೆಯದು ಬೇಗ ಮುಗಿಸ್ತೀನಿ. ಜಸ್ ಮಾನ್‌ನ ತಂಡದ ಹೆಸರು ಬ್ಯಾಬಿಲೋನ್ ಝೂ, ಹಾಡಿನ ಹೆಸರು ‘ಸ್ಪೇಸ್‌ಮ್ಯಾನ್’. ಲೀವೈಸ್ ಜೀನ್ಸ್ ಕಂಪನಿ ತನ್ನ ಟಿವಿ ಜಾಹೀರಾತಿಗೆ ಆ ಹಾಡಿನ ತುಣುಕು ಹಾಕಿಕೊಂಡ್ತು. ಅನ್ಯಗ್ರಹದಿಂದ ಬಂದವಳಂಥ ಹುಡುಗಿ, ಹಿಂದೆ ವೇಗ ಏರಿಸಿ ಕೀಚಲು ಮಾಡಿದ ದನಿ. ಜನ ಹುಚ್ಚೆದ್ದು ಅಂಗಡಿಗೆ ಓಡಿದ್ರು. ಮೊದಲ ವಾರದಲ್ಲೇ ಲಕ್ಷಗಟ್ಟಲೆ ಪ್ರತಿ ಹೋಯ್ತು, ಐದು ವಾರ ಒಂದನೇ ಸ್ಥಾನದಿಂದ ಅಲ್ಲಾಡಲಿಲ್ಲ. ಮನೆಗೆ ತಂದು ಹಾಕಿದವರಿಗೆ ಮಾತ್ರ ಆಶ್ಚರ್ಯ ಕಾದಿತ್ತು. ಜಾಹೀರಾತಲ್ಲಿ ಕೇಳಿದ ಆ ಕುಣಿತದ ತುಣುಕು ಇರೋದು ಹಾಡಿನ ತಲೆಗೆ, ಬಾಲಕ್ಕೆ ಅಷ್ಟೆ. ನಡುವೆ ಇರೋದು ಬೇರೆಯದೇ ನಿಧಾನದ, ಭಾರದ ಗಿಟಾರ್ ಹಾಡು. ಟ್ರೇಲರ್ ಒಂದು, ಸಿನಿಮಾ ಇನ್ನೊಂದು ಅಂತೀವಲ್ಲ, ಹಾಗೆ. ಮುಂದಿನ ಹಾಡುಗಳು ಆ ಎತ್ತರಕ್ಕೆ ಹೋಗಲೇ ಇಲ್ಲ, ಪತ್ರಿಕೆಗಳು ಲೇವಡಿ ಮಾಡಿದ್ವು, ಜಸ್ ಮಾನ್ ಕೊನೆಗೆ ಸಿನಿಮಾ ನಿರ್ಮಾಣದ ವ್ಯವಹಾರಕ್ಕೆ ಹೋದ. ನನ್ನ ಕುತೂಹಲ ಇಷ್ಟೇ: ಇಷ್ಟೆಲ್ಲ ಗದ್ದಲದಲ್ಲಿ ಅವನು ಪಂಜಾಬಿ ಹುಡುಗ ಅನ್ನೋದು ಯಾರಿಗೂ ಮುಖ್ಯ ಆಗಲಿಲ್ಲ. ಬೆಳ್ಳಿ ಬಣ್ಣದ ಬಟ್ಟೆ ಹಾಕಿಕೊಂಡು ಬಾಹ್ಯಾಕಾಶದವನ ವೇಷದಲ್ಲಿ ಬಂದವನಿಗೆ ನಿನ್ನ ಊರು ಯಾವುದಪ್ಪಾ ಅಂತ ಯಾರು ಕೇಳ್ತಾರೆ?

ಇಂಗ್ಲೆಂಡಿನ ಸಂಗೀತದಲ್ಲಿ ಇದು ಹೊಸದೇನಲ್ಲ ಬಿಡಿ. ಕ್ಲಿಫ್ ರಿಚರ್ಡ್ ಹುಟ್ಟಿದ್ದು ಲಖನೌದಲ್ಲಿ. ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹುಟ್ಟಿದ್ದು ಮದರಾಸಿನಲ್ಲಿ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಅಂದ್ರೆ ಫರೂಖ್ ಬುಲ್ಸಾರಾ, ಪಾರ್ಸಿ ಮನೆತನದ ಮಗ, ಪಂಚಗಣಿಯಲ್ಲಿ ಓದಿದವನು. ಹೆಸರು ಬದಲಾಯಿಸಿಕೊಂಡರೇ ವೇದಿಕೆ ಅನ್ನೋ ಕಾಲ ಅದು.

ಎರಡನೆಯವನು ಜ್ಯೋತಿ ಮಿಶ್ರಾ. ನನಗೆ ತುಂಬಾ ಇಷ್ಟವಾದ ಮನುಷ್ಯ ಇವನು. ತನ್ನ ತಂಡಕ್ಕೆ ಇಟ್ಟ ಹೆಸರು ವೈಟ್ ಟೌನ್, ಅಂದ್ರೆ ಬಿಳಿಯರ ಊರು. ಬಿಳಿಯರ ಊರಲ್ಲಿ ಕಂದು ಮೈಬಣ್ಣದ ಹುಡುಗನಾಗಿ ಬೆಳೆದದ್ದು ಆ ಹೆಸರಿನಲ್ಲೇ ಇದೆ. ತಂಡ ಅಂತ ಹೆಸರಿಗೆ, ಒಳಗೆ ಇದ್ದವನು ಇವನೊಬ್ಬನೇ. ಕುಡಿಯೋದಿಲ್ಲ, ಸೇದೋದಿಲ್ಲ, ತಾನು ಮಾರ್ಕ್ಸ್‌ವಾದಿ ಅಂತ ಹೇಳಿಕೊಳ್ತಾನೆ. ರಾಕ್ ಸಂಗೀತದವನ ಯಾವ ಲಕ್ಷಣವೂ ಇಲ್ಲ. ಡರ್ಬಿ ಊರಿನ ತನ್ನ ಮನೆಯ ಮಲಗೋ ಕೋಣೆಯಲ್ಲಿ, ಒಂದು ಹಳೇ ಅಟಾರಿ ಕಂಪ್ಯೂಟರು, ಒಂದು ಕ್ಯಾಸೆಟ್ ರೆಕಾರ್ಡರು ಇಟ್ಟುಕೊಂಡು ‘ಯುವರ್ ವುಮನ್’ ಅನ್ನೋ ಹಾಡು ಮಾಡಿದ. ಆ ಹಾಡು ಮೊದಲು ಬಂದದ್ದು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಪುಟ್ಟ ಕಂಪನಿಯಿಂದ, ನಾಲ್ಕು ಹಾಡಿನ ಒಂದು ಡಿಸ್ಕಿನಲ್ಲಿ. ಡಿಸ್ಕಿನ ಹೆಸರು ಕೇಳಿದ್ರೆ ನಮ್ಮ ಬೆಂಗಳೂರಿನ ಹಳೇ ಕಂಪ್ಯೂಟರ್ ಮಂದಿಗೆ ನಗು ಬರುತ್ತೆ: ‘ಅಬಾರ್ಟ್, ರಿಟ್ರೈ, ಫೇಲ್’. ಹಳೇ ಡಾಸ್ ಕಂಪ್ಯೂಟರು ಕೈಕೊಟ್ಟಾಗ ಕಪ್ಪು ಪರದೆ ಮೇಲೆ ಬರ್ತಿದ್ದ ಸಾಲು ಅದು.

ರೇಡಿಯೊ ಒನ್‌ನ ಮಾರ್ಕ್ ರ್‍ಯಾಡ್‌ಕ್ಲಿಫ್ ಈ ಹಾಡನ್ನ ಹಾಕಿದ. ಕೇಳಿದವರು ಬಿಡಲಿಲ್ಲ. ದೊಡ್ಡ ಕಂಪನಿ ಓಡಿ ಬಂತು. 1997ರ ಜನವರಿಯಲ್ಲಿ ಮಲಗೋ ಕೋಣೆಯ ಹಾಡು ದೇಶಕ್ಕೇ ಒಂದನೇ ನಂಬರು. ಒಂದು ವಾರ.

ಆ ಹಾಡಿನಲ್ಲಿ ಎರಡು ವಿಶೇಷ ಇದೆ. ಒಂದು, ಅದರಲ್ಲಿ ಮತ್ತೆ ಮತ್ತೆ ಬರೋ ತುತ್ತೂರಿಯ ದನಿ. ಅದು 1932ರದು! ಲ್ಯೂ ಸ್ಟೋನ್ ಅನ್ನೋನ ವಾದ್ಯತಂಡ ನುಡಿಸಿ, ಆಲ್ ಬೌಲಿ ಹಾಡಿದ ‘ಮೈ ವುಮನ್’ ಅನ್ನೋ ಹಾಡಿನ ತುಣುಕು. ಅರವತ್ತೈದು ವರ್ಷ ಹಳೆಯ ಧ್ವನಿಮುದ್ರಿಕೆಯ ಒಂದು ಚೂರನ್ನ ಎತ್ತಿಕೊಂಡು, ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ಹಾಕಿದ್ದಾನೆ. ಎರಡನೆಯದು, ಆ ಹಾಡಿನಲ್ಲಿ ಹೆಣ್ಣಿನ ಮಾತನ್ನ ಗಂಡಸು ಹಾಡ್ತಾನೆ. ಹಾಡೋನು ಯಾರು, ಯಾರನ್ನ ಪ್ರೀತಿಸಿದವನು, ಗಂಡೋ ಹೆಣ್ಣೋ ಅಂತ ಕೇಳೋರಿಗೆ ಗೊಂದಲ ಆಗಬೇಕು ಅಂತಲೇ ಹಾಗೆ ಬರೆದದ್ದು. ಇಂಗ್ಲೆಂಡಿನವರು ಬೆರಗಾದ್ರು. ಶರಣಸತಿ ಲಿಂಗಪತಿ ಅಂತ ಗಂಡಸರು ಹೆಣ್ಣಾಗಿ ಹಾಡಿದ ನಾಡಿನವರು ನಾವು, ನಮಗೆ ಅದರಲ್ಲಿ ಅಷ್ಟೇನೂ ಬೆರಗಿಲ್ಲ.

ಕಂಪನಿಗೆ ಬೇಕಾಗಿದ್ದದ್ದು ಒಬ್ಬ ಸ್ಟಾರ್. ಜ್ಯೋತಿ ಮಿಶ್ರಾನಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ವಿಡಿಯೊ ನೋಡಿ, ಹಳೇ ಮೂಕಿ ಚಿತ್ರದ ಹಾಗೆ ಕಪ್ಪು ಬಿಳುಪಿನಲ್ಲಿದೆ, ಮುಖ್ಯ ಪಾತ್ರ ಮಾಡಿರೋರು ಬೇರೆ ನಟರು. ಹಾಡು ಎಲ್ಲರ ಬಾಯಲ್ಲಿ, ಹಾಡಿದವನು ಬೀದಿಯಲ್ಲಿ ನಡೆದು ಹೋದ್ರೆ ಯಾರಿಗೂ ಗುರುತಿಲ್ಲ. ಮುಖವೇ ಬಂಡವಾಳ ಆಗಿರೋ ನಮ್ಮಂಥ ಟಿವಿಯವರಿಗೆ ಇದು ಅರ್ಥ ಆಗೋದು ಸ್ವಲ್ಪ ಕಷ್ಟ! ಮುಂದಿನ ಹಾಡುಗಳು ಮಾರಾಟ ಆಗಲಿಲ್ಲ, ಕಂಪನಿ ಕೈಬಿಟ್ಟಿತು. ಅವನು ವಾಪಸ್ ತನ್ನ ಕೋಣೆಗೆ ಹೋಗಿ, ಮೊದಲಿನ ಹಾಗೆಯೇ ಸಣ್ಣ ಕಂಪನಿಗಳ ಮೂಲಕ ಹಾಡು ಬಿಡೋದು ಮುಂದುವರಿಸಿದ.

ಇನ್ನು ಮೂರನೆಯವನು. ಟಿಜಿಂದರ್ ಸಿಂಗ್ ಮತ್ತು ಅವನ ಗೆಳೆಯ ಬೆನ್ ಏರ್ಸ್, ಇನ್ನಿಬ್ಬರನ್ನ ಸೇರಿಸಿಕೊಂಡು 1991ರಲ್ಲಿ ಕಟ್ಟಿದ ತಂಡದ ಹೆಸರು ಕಾರ್ನರ್‌ಶಾಪ್. ಮೂಲೆ ಅಂಗಡಿ. ಇಂಗ್ಲೆಂಡಿನಲ್ಲಿ ಭಾರತ, ಪಾಕಿಸ್ತಾನದವರು ಅಂದ್ರೆ ಬೀದಿ ಮೂಲೆಯಲ್ಲಿ ಹಾಲು, ಬ್ರೆಡ್ಡು, ಸಿಗರೇಟು ಮಾರೋರು ಅನ್ನೋ ಹಾಸ್ಯ ಇತ್ತಲ್ಲ, ಅದನ್ನೇ ಎತ್ತಿ ಹೆಸರಾಗಿ ಇಟ್ಟುಕೊಂಡ್ರು. 1993ರಲ್ಲಿ ಮೊದಲ ಡಿಸ್ಕ್ ತಂದಾಗ ಅದರ ಬಣ್ಣ ಏನು ಗೊತ್ತಾ? ಸಾರಿನ ಬಣ್ಣ. ನಮ್ಮನ್ನ ಕರಿ ಅಂತ ಅಣಕಿಸ್ತೀರಾ, ತಗೊಳ್ಳಿ ಕರಿ ಬಣ್ಣದ್ದೇ ಡಿಸ್ಕು. ನಮ್ಮ ಕಪ್ಪು ಕರಿ ಅಲ್ಲ ಮತ್ತೆ, ಅವರು ತಿನ್ನೋ ಅರಿಶಿನದ ಕರಿ.

ಇವರು ಮೊದಲು ಸುದ್ದಿಯಾದದ್ದು ಹಾಡಿನಿಂದಲ್ಲ, ಬೆಂಕಿಯಿಂದ. 1992ರ ಆಗಸ್ಟ್. ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನ ಕಾರ್ಯಕ್ರಮದಲ್ಲಿ ಮಾರಿಸ್ಸಿ ಅನ್ನೋ ದೊಡ್ಡ ಗಾಯಕ ಬ್ರಿಟನ್ನಿನ ಬಾವುಟವನ್ನ ಮೈಗೆ ಸುತ್ತಿಕೊಂಡು ವೇದಿಕೆಗೆ ಬಂದ. ಹಿಂದಿನ ಪರದೆ ಮೇಲೆ ತಲೆ ಬೋಳಿಸಿದ ಸ್ಕಿನ್‌ಹೆಡ್ ಹುಡುಗಿಯರ ಚಿತ್ರ. ಬಾವುಟ ಹೊದ್ದರೆ ತಪ್ಪೇನು ಅಂತ ನೀವು ಕೇಳಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಆ ಬಾವುಟ, ಆ ಬೋಳುತಲೆ ಎರಡೂ ಒಟ್ಟಿಗೆ ಕಂಡರೆ ಕಂದು ಚರ್ಮದ ಹುಡುಗರು ಇನ್ನೊಂದು ಬೀದಿ ಹಿಡಿದು ಮನೆ ಸೇರ್ತಿದ್ದರು. ಅದೇ ಮಾರಿಸ್ಸಿ ಮೊದಲು ಬರೆದಿದ್ದ ಒಂದು ಹಾಡು, ಬಂಗಾಳಿ ಹುಡುಗನೊಬ್ಬನಿಗೆ ನೀನು ಇಲ್ಲಿಗೆ ಸೇರಿದವನಲ್ಲ ಅನ್ನೋ ಧಾಟಿಯದ್ದು. ಕಾರ್ನರ್‌ಶಾಪಿನ ಹುಡುಗರು ಅವನ ಪೋಸ್ಟರ್ ತಗೊಂಡು ಲಂಡನ್ನಿನ ಇಎಂಐ ಕಂಪನಿಯ ಕಚೇರಿ ಮುಂದೆ ಹೋಗಿ ಸುಟ್ಟರು. ಮಾರಿಸ್ಸಿಯ ಡಿಸ್ಕು ತರ್ತಿದ್ದದ್ದು ಅದೇ ಕಂಪನಿ. ಒಂದು ತಮಾಷೆ ನೋಡಿ. ಜಸ್ ಮಾನ್‌ನ ಹಾಡು, ಜ್ಯೋತಿ ಮಿಶ್ರಾನ ಹಾಡು, ಎರಡನ್ನೂ ಮುಂದೆ ಮಾರಿ ದುಡ್ಡು ಎಣಿಸಿಕೊಂಡದ್ದೂ ಇದೇ ಇಎಂಐ ಬಳಗ.

ಪೋಸ್ಟರ್ ಸುಟ್ಟ ಹುಡುಗರಿಗೆ ಆಗ ಸರಿಯಾಗಿ ನುಡಿಸೋದಕ್ಕೂ ಬರ್ತಿರಲಿಲ್ಲ ಅಂತ ವಿಮರ್ಶಕರು ಬರೆದ್ರು. ಐದು ವರ್ಷದಲ್ಲಿ ಕಲಿತರು. 1997ರಲ್ಲಿ ಬಂದ ಆಲ್ಬಮ್ಮಿನಲ್ಲಿ ಬೀಟಲ್ಸ್‌ನ ‘ನಾರ್ವೇಜಿಯನ್ ವುಡ್’ ಹಾಡನ್ನ ಪಂಜಾಬಿಯಲ್ಲಿ ಹಾಡಿದ್ದಾರೆ. 1965ರಲ್ಲಿ ಜಾರ್ಜ್ ಹ್ಯಾರಿಸನ್ ಆ ಹಾಡಿಗೆ ನಮ್ಮ ಸಿತಾರ್ ತಗೊಂಡು ನುಡಿಸಿದ್ದ. ಮೂವತ್ತೆರಡು ವರ್ಷದ ಮೇಲೆ ಪಂಜಾಬಿ ಹುಡುಗ ಹಾಡನ್ನೇ ತನ್ನ ಮನೆಮಾತಿಗೆ ತಂದುಕೊಂಡ. ಲೆಕ್ಕ ಚುಕ್ತಾ.

ಅದೇ ಆಲ್ಬಮ್ಮಿನಲ್ಲಿ ಇರೋದು ‘ಬ್ರಿಮ್‌ಫುಲ್ ಆಫ್ ಆಶಾ’. ಆಶಾ ಅಂದ್ರೆ ಯಾರು? ನಮ್ಮ ಆಶಾ ಭೋಂಸ್ಲೆ. ಆಶಾ ಅಂದ್ರೆ ಭರವಸೆ ಅಂತಲೂ ಹೌದು. ತುಂಬಿ ತುಳುಕೋ ಆಶೆ ಅಂತ ಶ್ಲೇಷೆ. ಹಾಡಿನಲ್ಲಿ ಲತಾ ಬರ್ತಾರೆ, ರಫಿ ಬರ್ತಾರೆ. ಅದರಲ್ಲಿ ಮತ್ತೆ ಮತ್ತೆ ಕೇಳಿಸೋ ನಲವತ್ತೈದು ಅನ್ನೋ ಸಂಖ್ಯೆ, ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗೋ ಪುಟ್ಟ ಗ್ರಾಮಫೋನ್ ತಟ್ಟೆಯದು. ಪರದೆ ಮೇಲೆ ಬೇರೆಯವರು ತುಟಿ ಆಡಿಸ್ತಾರೆ, ಹಿಂದೆ ನಿಂತು ಹಾಡೋರು ಇವರು. ನಮಗೆ ಇದನ್ನ ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನವರಿಗೆ ಹಿನ್ನೆಲೆ ಗಾಯನ ಅನ್ನೋ ವ್ಯವಸ್ಥೆಯೇ ಹೊಸದು. ಫೌಂಡ್ರಿಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ, ಹೊಲಿಗೆ ಮಿಷನ್ ಮುಂದೆ ಕೂತ ಅಮ್ಮ, ಚಳಿಗೆ ಮುಚ್ಚಿದ ಕಿಟಕಿ, ಮೂಲೆಯಲ್ಲಿ ತಿರುಗೋ ತಟ್ಟೆ. ವಲಸೆ ಹೋದ ಎಷ್ಟು ಮನೆಗಳಲ್ಲಿ ಆ ದನಿಗಳೇ ಊರು ಆಗಿದ್ವು ಅಂತ ಯೋಚನೆ ಮಾಡಿ.

ಹಾಡು ಬಂದಾಗ ಏನಾಯ್ತು? ಏನೂ ಆಗಲಿಲ್ಲ. 1997ರ ಆಗಸ್ಟಿನಲ್ಲಿ ಪಟ್ಟಿಯ ಅರವತ್ತನೇ ಜಾಗಕ್ಕೆ ಬಂದು ಮುಗ್ಗರಿಸಿತು. ಬಲ್ಲವರು ಮಾತ್ರ ಬಿಡಲಿಲ್ಲ. ರೇಡಿಯೊದ ಜಾನ್ ಪೀಲ್ ವರ್ಷದ ಕೊನೆಗೆ ತನ್ನ ಕೇಳುಗರ ಮತ ತಗೊಂಡು ಮಾಡ್ತಿದ್ದ ಐವತ್ತು ಹಾಡುಗಳ ಪಟ್ಟಿಯಲ್ಲಿ ಇದೇ ಮೊದಲನೆಯದು. ಆಮೇಲೆ ನಾರ್ಮನ್ ಕುಕ್ ಬಂದ. ಫ್ಯಾಟ್‌ಬಾಯ್ ಸ್ಲಿಮ್ ಅಂತ ಹೆಸರಿಟ್ಟುಕೊಂಡಿದ್ದ ಬ್ರೈಟನ್ನಿನ ಡಿಜೆ. ಅದೇ ಹಾಡಿನ ವೇಗ ಏರಿಸಿ, ಶ್ರುತಿ ಏರಿಸಿ, ಕೆಳಗೆ ದಪ್ಪ ತಾಳ ಕೂರಿಸಿದ. 1998ರ ಫೆಬ್ರವರಿಯ ಕೊನೆಯ ವಾರ ಅದು ಒಂದನೇ ನಂಬರು. ಹಿಂದಿನ ವಾರ ಆ ಜಾಗದಲ್ಲಿ ಇದ್ದದ್ದು ಟೈಟಾನಿಕ್ ಸಿನಿಮಾದ ಸೆಲೀನ್ ಡಿಯಾನ್ ಹಾಡು. ಮುಂದಿನ ವಾರ ಬಂದದ್ದು ಮಡೋನಾ. ಇವರಿಬ್ಬರ ನಡುವೆ ಒಂದು ವಾರ ಇಡೀ ಬ್ರಿಟನ್ನು ಆಶಾ, ಆಶಾ ಅಂತ ಕುಣೀತು. ಆಶಾ ಯಾರು ಅಂತ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ, ಆದ್ರೂ ಕುಣಿದ್ರು. ಪಗಡಿ ಕಟ್ಟಿ ಬಸ್ ಓಡಿಸಬಾರದು ಅಂತ ಹೇಳಿದ ಊರಿನ ಹುಡುಗನ ಹಾಡಿಗೆ. ಈನಕ್ ಪೊವೆಲ್ ಆ ತಿಂಗಳ 8ರಂದು ಸತ್ತಿದ್ದ. ಹಾಡು ಒಂದನೇ ಸ್ಥಾನ ಮುಟ್ಟಿದ್ದು ಎರಡು ವಾರದ ಮೇಲೆ.

ಈ ಗೆಲುವು ಯಾರದ್ದು ಅಂತ ಒಂದು ತಕರಾರು ಇವತ್ತಿಗೂ ಇದೆ. ಕಂದು ಹುಡುಗ ಮಾಡಿದಾಗ ಅರವತ್ತನೇ ಸ್ಥಾನ, ಬಿಳಿಯ ಡಿಜೆ ಕೈ ಹಾಕಿದಾಗ ಒಂದನೇ ಸ್ಥಾನ, ಇದೆಂಥ ನ್ಯಾಯ ಅಂತ. ಆ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ವೇಗ ಅವನದು, ಸರಿ. ಮಾತು, ರಾಗ, ಆ ಹೆಸರುಗಳು ಯಾರದು? ಡಿಜೆ ಕೂಡ ಅದನ್ನ ತೆಗೆದು ಹಾಕಲಿಲ್ಲ. ಮದುವೆ ಮನೆಯಲ್ಲಿ ಕುಣಿಯೋದಕ್ಕೆ ವೇಗದ್ದು ಚೆನ್ನ, ರಾತ್ರಿ ಒಬ್ಬರೇ ಕೂತು ಕೇಳೋದಕ್ಕೆ ನಿಧಾನದ್ದೇ ಚೆನ್ನ. ನನ್ನ ವೋಟು ನಿಧಾನದ್ದಕ್ಕೆ.

ಹಾಗಂತ ಒಂದು ಹಾಡು ಗೆದ್ದ ಕೂಡಲೇ ಬ್ರಿಟನ್ ಬದಲಾಗಿಬಿಡ್ತು ಅಂತ ತಿಳ್ಕೊಬೇಡಿ. ಸರಿಯಾಗಿ ಒಂದು ವರ್ಷಕ್ಕೆ, 1999ರ ಫೆಬ್ರವರಿಯಲ್ಲಿ, ಮ್ಯಾಕ್‌ಫರ್ಸನ್ ವರದಿ ಬಂತು. 1993ರಲ್ಲಿ ಲಂಡನ್ನಿನ ಬಸ್ ಸ್ಟಾಪಿನಲ್ಲಿ ಬಿಳಿಯ ಹುಡುಗರ ಗುಂಪು ಇರಿದು ಕೊಂದ ಸ್ಟೀಫನ್ ಲಾರೆನ್ಸ್ ಅನ್ನೋ ಕಪ್ಪು ಯುವಕನ ಕೇಸನ್ನ ಪೊಲೀಸರು ಹೇಗೆ ಹಾಳುಮಾಡಿದ್ರು ಅನ್ನೋ ವರದಿ. ಲಂಡನ್ ಪೊಲೀಸ್ ವ್ಯವಸ್ಥೆಯ ಒಳಗೇ ಜನಾಂಗೀಯ ಭೇದ ಕೂತಿದೆ ಅಂತ ಅದು ಬರೆದೇ ಹೇಳಿತು. 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾ ಬ್ರಿಟನ್ನಿನ ರಾಷ್ಟ್ರೀಯ ಖಾದ್ಯ ಅಂತ ಭಾಷಣ ಮಾಡಿದ್ರು. ಅದೇ ವರ್ಷ ಬೇಸಿಗೆಯಲ್ಲಿ ಓಲ್ಡಮ್, ಬ್ರ್ಯಾಡ್‌ಫರ್ಡ್ ಊರುಗಳಲ್ಲಿ ಏಷ್ಯಾ ಮೂಲದ ಹುಡುಗರಿಗೂ ಬಿಳಿಯರಿಗೂ ಪೊಲೀಸರಿಗೂ ಬೀದಿ ಕಾಳಗ. ಊಟ ಒಪ್ಪೋದು, ಹಾಡು ಒಪ್ಪೋದು ಸುಲಭ. ಪಕ್ಕದ ಮನೆಗೆ ಬಾಡಿಗೆಗೆ ಬಂದವರನ್ನ ಒಪ್ಪೋದು ಬೇರೆ ಮಾತು. ನಮ್ಮ ಊರುಗಳಲ್ಲೂ ಬಾಡಿಗೆ ಮನೆ ಹುಡುಕಿದವರಿಗೆ ಇದು ಗೊತ್ತಿರುತ್ತೆ.

ಕಾರ್ನರ್‌ಶಾಪ್ ಇನ್ನೂ ಇದೆ. 2020ರ ಮಾರ್ಚಿನಲ್ಲಿ ಅವರ ಆಲ್ಬಂ ಬಂತು, ಹೆಸರು ‘ಇಂಗ್ಲೆಂಡ್ ಈಸ್ ಎ ಗಾರ್ಡನ್’. ಇಂಗ್ಲೆಂಡ್ ಒಂದು ತೋಟ ಅಂತ. ಟಿಜಿಂದರ್ ಸಿಂಗ್, ಬೆನ್ ಏರ್ಸ್ ಇಬ್ಬರೂ ಇದ್ದಾರೆ, ಸ್ವಂತದ ಪುಟ್ಟ ಕಂಪನಿ ಮಾಡಿಕೊಂಡಿದ್ದಾರೆ. ಒನ್ ಹಿಟ್ ವಂಡರ್ ಅಂತ ಬರೆದವರ ಎಷ್ಟೋ ಪತ್ರಿಕೆಗಳು ಬಾಗಿಲು ಹಾಕಿವೆ.

ಮತ್ತೆ ಆ 1932ರ ತುತ್ತೂರಿ? ಅದೂ 2020ರಲ್ಲೇ ಇನ್ನೊಂದು ಸಲ ಎದ್ದು ಬಂತು. ಡುವಾ ಲೀಪಾ ಅನ್ನೋ ಗಾಯಕಿಯ ‘ಲವ್ ಅಗೇನ್’ ಹಾಡು ಕೇಳಿ. ನಿಮ್ಮ ಮನೆ ಮಕ್ಕಳ ಫೋನಿನಲ್ಲಿ ಇರುತ್ತೆ. ಜ್ಯೋತಿ ಮಿಶ್ರಾ ಡರ್ಬಿಯ ಕೋಣೆಯಲ್ಲಿ ತಿರುಗಿಸಿದ್ದ ಅದೇ ತುಣುಕು ಅಲ್ಲಿ ಕೇಳಿಸುತ್ತೆ. ಡುವಾ ಲೀಪಾ ಹುಟ್ಟಿದ್ದು ಲಂಡನ್ನಿನಲ್ಲಿ, 1995ರಲ್ಲಿ. ಅವಳ ಅಪ್ಪ ಅಮ್ಮ ಕೊಸೊವೊದಿಂದ ಬಂದ ವಲಸಿಗರು.